ಒಂದೇ ದೋಣಿ ಕಟ್ಟೋದಾದ್ರೆ ಒಡಲು ಯಾವುದರದ್ದು?

ಐಎನ್‌ಎಸ್‌ವಿ ತಾರಿಣಿ ಹೆಸರು ಕೇಳಿರ್ತೀರಿ. ಆರು ಮಹಿಳಾ ನೌಕಾಧಿಕಾರಿಗಳು 2017ರ ಸೆಪ್ಟೆಂಬರ್‌ನಲ್ಲಿ ಗೋವಾದಿಂದ ಹೊರಟು, ಭೂಮಿ ಸುತ್ತಿ, 2018ರ ಮೇನಲ್ಲಿ ವಾಪಸ್ ಬಂದದ್ದು ಈ ಹಾಯಿದೋಣಿಯಲ್ಲೇ. ಇದನ್ನೂ, ಇದರ ಅಕ್ಕ ಮ್ಹಾದೇಯಿಯನ್ನೂ ಕಟ್ಟಿದ್ದು ಗೋವಾದಲ್ಲಿ. ನಮ್ಮ ಖಾನಾಪುರದ ಕಾಡಲ್ಲಿ ಹುಟ್ಟುವ ಮಹದಾಯಿ ನದಿಯ ಹೆಸರೇ ಆ ಅಕ್ಕನದ್ದು. ಎರಡರ ಒಡಲೂ ಒಂದೇ ಥರ: ನಡುವೆ ಮರ, ಹೊರಗೂ ಒಳಗೂ ಫೈಬರ್‌ಗ್ಲಾಸ್.

ಸ್ಟೀಲ್ ಇರುವಾಗ ಮರ ಯಾಕೆ ಅಂತ ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ.

ಮೊದಲನೆಯದು ಅಚ್ಚು. ಕಾರ್ಖಾನೆಯ ಫೈಬರ್‌ಗ್ಲಾಸ್ ದೋಣಿಗೆ ಮೊದಲು ಪೂರ್ತಿ ಅಳತೆಯ ಅಚ್ಚು ಬೇಕು. ನೂರು ದೋಣಿ ತೆಗೆದರೆ ಆ ಖರ್ಚು ಹಂಚಿಹೋಗುತ್ತೆ. ಒಂದೇ ದೋಣಿಯಾದ್ರೆ ಎಲ್ಲ ಅದರ ತಲೆಗೇ. ಹಾಗಾಗಿ ಉಳಿಯುವುದು ಅಚ್ಚು ಬೇಡದ ದಾರಿಗಳು: ಸ್ಟೀಲ್ ಅಥವಾ ಅಲ್ಯೂಮಿನಿಯಂ ತಗಡಿನ ವೆಲ್ಡಿಂಗ್, ಇಲ್ಲವೇ ತಾತ್ಕಾಲಿಕ ಚೌಕಟ್ಟಿನ ಮೇಲೆ ಮರದ ಕಿರುಪಟ್ಟಿಗಳನ್ನು ಎಪಾಕ್ಸಿಯಿಂದ ಅಂಟಿಸುವುದು.

ಎರಡನೆಯದು ತೂಕ. ತಗಡು ಬಾಗದಂತೆ ತಡೆಯುವ ಬಿಗಿತ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತೆ ಅಂತ ನಾವೆಲ್ಲ ಓದಿದ್ದೇವೆ. 4 ಮಿ.ಮೀ. ಸ್ಟೀಲ್ ತಗಡು ಚದರ ಮೀಟರಿಗೆ ಸುಮಾರು 31 ಕೆ.ಜಿ.; 30 ಮಿ.ಮೀ. ಕೆಂಪು ಸೀಡರ್ ಬರೀ 11 ಕೆ.ಜಿ. ಸ್ಟೀಲಿನ ಯಂಗ್ಸ್ ಮಾಡ್ಯುಲಸ್ 200 ಗಿಗಾಪ್ಯಾಸ್ಕಲ್, ಸೀಡರ್‌ನದ್ದು ಎಳೆಯ ಉದ್ದಕ್ಕೆ ಸುಮಾರು 8. ಆದ್ರೂ ದಪ್ಪದ ಘನ ಸೇರಿದಾಗ ಆ ದಿಕ್ಕಿನಲ್ಲಿ ಮರವೇ ಸುಮಾರು 17 ಪಟ್ಟು ಬಿಗಿ! ಎಳೆಗೆ ಅಡ್ಡಲಾಗಿ ಮಾತ್ರ ಮರ ದುರ್ಬಲ. ಆ ಕೊರತೆ ತುಂಬೋದು ಎರಡೂ ಬದಿಯ ಫೈಬರ್‌ಗ್ಲಾಸ್ ಪದರ. ಐ-ಬೀಮ್‌ನ ಎರಡು ಫ್ಲ್ಯಾಂಜ್ ಇದ್ದ ಹಾಗೆ ಅಂದ್ಕೊಳ್ಳಿ.

ಸ್ಟೀಲನ್ನು ತೆಳ್ಳಗೆ ಮಾಡಿದ್ರೆ? ವೆಲ್ಡಿಂಗ್ ಬಿಸಿಗೆ ತಗಡು ಸೊಟ್ಟಗಾಗುತ್ತೆ, ತುಕ್ಕು ತಿನ್ನಲು ದಪ್ಪವೂ ಉಳಿಯಲ್ಲ. ಸಣ್ಣ ದೋಣಿಗಳಲ್ಲಿ ಸ್ಟೀಲ್ ಭಾರ ಅನ್ನಿಸೋದು ಇದಕ್ಕೇ.

ಆದ್ರೆ ಬಿಗಿತ ಬೇರೆ, ಪೆಟ್ಟು ತಡೆಯೋ ಗುಣ ಬೇರೆ. ಬಂಡೆಗೋ ಮಂಜುಗಡ್ಡೆಗೋ ಬಡಿದರೆ ಸ್ಟೀಲ್ ತಗ್ಗಾಗುತ್ತೆ, ಸುಲಭಕ್ಕೆ ತೂತಾಗಲ್ಲ. ಮುಂದಿನ ಬಂದರಿನಲ್ಲಿ ಒಬ್ಬ ವೆಲ್ಡರ್ ಸಿಕ್ಕರೆ ಸಾಕು. ಅಲ್ಯೂಮಿನಿಯಂ ಹಗುರ, ತುಕ್ಕಿನ ಕಾಟವಿಲ್ಲ; ಆದ್ರೆ ಉಪ್ಪುನೀರಲ್ಲಿ ತಾಮ್ರ ತಾಗಿದ್ರೆ ಗ್ಯಾಲ್ವನಿಕ್ ಸವೆತ ಶುರು. ಅದಕ್ಕೆ ತಾಮ್ರದ ಬಣ್ಣ ಬಳಿಯುವಂತಿಲ್ಲ. ಮರದ ಒಡಲಿಗೆ ಶತ್ರು ಒಂದು ಸ್ಕ್ರೂ ತೂತು: ಎಪಾಕ್ಸಿಯಿಂದ ಮುಚ್ಚದೆ ಬಿಟ್ಟರೆ ನೀರು ಒಳಗಿಳಿದು, ಹೊರಗೆ ಕಾಣದಂತೆ ತಿರುಳು ಕೊಳೆಯುತ್ತೆ.

ಹಾಗಾಗಿ "ಯಾವುದು ಬೆಸ್ಟ್?" ಅಂತ ಕೇಳಿದ್ರೆ ಉತ್ತರ ಸಿಗಲ್ಲ. ಎಷ್ಟು ದೋಣಿ ಕಟ್ಟಬೇಕು, ಯಾವ ನೀರಿಗೆ ಇಳಿಸ್ತೀವಿ, ಎಲ್ಲಿ ರಿಪೇರಿ ಆಗಬೇಕು, ಕಟ್ಟುವವರ ಕೈಗೆ ಯಾವ ಕೆಲಸ ಪಳಗಿದೆ: ಈ ಕ್ರಮದಲ್ಲಿ ಕೇಳಬೇಕು. ದಡದಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿ ಆರು ಜನರಿಗೂ ಸಮುದ್ರಕ್ಕೂ ನಡುವೆ ಇರೋದು ಆ ಒಡಲೊಂದೇ.