‘ಸ್ವ ಇಚ್ಛೆಯಿಂದ ಕೆಲಸ ಬಿಡುತ್ತೇನೆ’: ಆ ಕಾಗದಕ್ಕೆ ಸಹಿ ಹಾಕುವ ಮುನ್ನ

(ಈ ವಾರದ ಸಂಚಿಕೆಯ ಬರಹರೂಪ. ಮಾತಿನ ಧಾಟಿ ಹಾಗೇ ಉಳಿಸಿ, ಓದಿಗೆ ಬೇಕಾದಷ್ಟು ಮಾತ್ರ ತಿದ್ದಲಾಗಿದೆ.)

ಈ ಸಲದ ಪ್ರಶ್ನೆ ಬಂದಿರೋದು ನಿಪ್ಪಾಣಿ ತಾಲೂಕಿನ ಭೋಜದಿಂದ. ಮಳೆಗಾಲದ ಸುದ್ದಿಯಲ್ಲಿ ‘ಕಾರದಗಾ–ಭೋಜ ಸೇತುವೆ ಜಲಾವೃತ’ ಅಂತ ಓದ್ತೀರಲ್ಲ, ಅದೇ ಭೋಜ. ಒಂದು ಕಡೆ ವೇದಗಂಗಾ, ಇನ್ನೊಂದು ಕಡೆ ದೂಧಗಂಗಾ. ನದಿ ದಾಟಿ ಸ್ವಲ್ಪ ದೂರ ಹೋದರೆ ಮಹಾರಾಷ್ಟ್ರ. ಅಲ್ಲಿಂದ ಒಬ್ಬ ಕೇಳುಗರು ಧ್ವನಿ ಸಂದೇಶ ಕಳಿಸಿದ್ದಾರೆ. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳೋದಿಲ್ಲ. ಅವರ ಮಾತು ಇದು:

“ಸರ, ನಮ್ಮ ಅಣ್ಣ ಇಚಲಕರಂಜಿ ಕಡೆ ಮಗ್ಗದ ಕೆಲಸಕ್ಕ ಹೋಗ್ತಾನ್ರಿ. ಮಷಿನ್ಯಾಗ ಬಲಗೈ ಸಿಕ್ಕು ಮೂರು ಬೆರಳ ಹೋಗ್ಯಾವ್ರಿ. ಮಾಲಕರು ದವಾಖಾನಿ ಖರ್ಚ ಕೊಟ್ಟಾರ, ಇಲ್ಲ ಅನ್ನಂಗಿಲ್ಲ. ಈಗ ಒಂದ ಕಾಗದ ತಂದಾರ. ಸ್ವ ಇಚ್ಛೆಯಿಂದ ಕೆಲಸ ಬಿಡ್ತೀನಿ ಅಂತ ಬರದೈತಿ. ಸಹಿ ಮಾಡಿದ್ರ ಇನ್ನಷ್ಟ ರೊಕ್ಕ ಕೊಡ್ತೀವಿ ಅಂತಾರ. ಅಂವಾ ಸಹಿ ಮಾಡ್ಬೇಕೇನ್ರಿ, ಬ್ಯಾಡೇನ್ರಿ?”

ಮೊದಲ ಉತ್ತರ ಚಿಕ್ಕದು. ಇವತ್ತು ಬೇಡ. ವಕೀಲರಿಗೆ ತೋರಿಸುವ ತನಕ ಬೇಡ. ಯಾಕೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಂಥ ಕಾಗದ ಒಬ್ಬರ ಮನೆಗೆ ಮಾತ್ರ ಬರೋದಲ್ಲ.

ಪಂಜಾಬಿನ ಒಂದು ಪ್ರಕರಣದಿಂದ ಶುರು ಮಾಡೋಣ. ಭಗವಾನ್ ದಾಸ್ ಅಂತ, ಪಂಜಾಬ್ ರಾಜ್ಯ ವಿದ್ಯುತ್ ಮಂಡಳಿಯಲ್ಲಿ ಸಹಾಯಕ ಲೈನ್‌ಮನ್. 1994ರಲ್ಲಿ, ಕೆಲಸದಲ್ಲಿ ಇರುವಾಗಲೇ, ಪೂರ್ತಿ ಕಣ್ಣು ಹೋಯಿತು. ಅವರು ಮಂಡಳಿಗೆ ಪತ್ರ ಬರೆದರು. ನನಗೆ ನಿವೃತ್ತಿ ಕೊಡಿ, ನನ್ನ ಹೆಂಡತಿಗೆ ಒಂದು ಕೆಲಸ ಕೊಡಿ ಅಂತ. ಮಂಡಳಿ ನಿವೃತ್ತಿಯನ್ನೇನೋ ಕೊಟ್ಟಿತು, ಹೆಂಡತಿಗೆ ಕೆಲಸ ಕೊಡಲಿಲ್ಲ. ಕೇಳಿದಾಗ ‘ನೀವೇ ತಾನೆ ಬರೆದುಕೊಟ್ಟಿದ್ದು’ ಅನ್ನೋ ವಾದ. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. 2008ರಲ್ಲಿ ತೀರ್ಪು ಬಂತು. ಕೋರ್ಟ್ ಹೇಳಿದ್ದರ ತಿರುಳು ಇಷ್ಟು: ಕಣ್ಣು ಹೋದರೂ ತನ್ನ ಕೆಲಸ ಕಾನೂನಿನಲ್ಲಿ ಭದ್ರವಾಗಿದೆ ಅಂತ ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ. ಅದನ್ನ ತಿಳಿಸಿ ಹೇಳೋದು ಅಧಿಕಾರಿಗಳ ಕೆಲಸವಾಗಿತ್ತು. ಗೊತ್ತಿಲ್ಲದೆ ಬರೆದ ಪತ್ರ ಹಿಡಿದುಕೊಂಡು ಅವರನ್ನ ಹೊರಗೆ ಹಾಕೋ ಹಾಗಿಲ್ಲ.

ನಮ್ಮ ಕಡೆಯ ಹೆಸ್ಕಾಂ ಲೈನ್‌ಮನ್‌ಗಳ ಮನೆಯವರು ಈ ಪ್ರಕರಣ ನೆನಪಿಟ್ಟುಕೊಳ್ಳಿ. ಆದರೆ ಇನ್ನೊಂದು ಮಾತನ್ನೂ ಗಮನಿಸಿ. ಕಣ್ಣು ಹೋಗಿದ್ದು 1994ರಲ್ಲಿ, ನ್ಯಾಯ ಸಿಕ್ಕಿದ್ದು 2008ರಲ್ಲಿ. ಒಂದು ಪತ್ರವನ್ನ ಅಳಿಸೋದಕ್ಕೆ ಎಷ್ಟು ವರ್ಷ ಹಿಡಿಯಿತು ಲೆಕ್ಕ ಹಾಕಿ. ಅದಕ್ಕೇ ಇವತ್ತು ಸಹಿ ಬೇಡ ಅಂದಿದ್ದು.

ಭಗವಾನ್ ದಾಸ್ ಪ್ರಕರಣ ನಡೆದಿದ್ದು 1995ರ ಹಳೆಯ ಕಾಯ್ದೆಯ ಕೆಳಗೆ. ಈಗ ಇರೋದು ಅಂಗವಿಕಲರ ಹಕ್ಕುಗಳ ಕಾಯ್ದೆ, 2016. ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಿಂದ. ಹಳೆಯ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಇತ್ತು, ಹೊಸದರಲ್ಲಿ 21. ಮಾನಸಿಕ ಕಾಯಿಲೆ ಹಳೆಯದರಲ್ಲೂ ಇತ್ತು. ಆಸಿಡ್ ದಾಳಿಗೆ ಒಳಗಾದವರು, ಪಾರ್ಕಿನ್ಸನ್, ಸಿಕಲ್ ಸೆಲ್ ಎಲ್ಲ ಹೊಸದಾಗಿ ಸೇರಿದವು.

ಈ ಕಾಯ್ದೆಯ 20ನೇ ಕಲಂ ಬಹಳ ಗಟ್ಟಿ. ನೌಕರಿಯಲ್ಲಿದ್ದಾಗ ವೈಕಲ್ಯ ಬಂದರೆ ಕೆಲಸದಿಂದ ತೆಗೆಯೋ ಹಾಗಿಲ್ಲ, ಹುದ್ದೆ ಇಳಿಸೋ ಹಾಗಿಲ್ಲ. ಹಳೆ ಕೆಲಸ ಮಾಡೋಕೆ ಆಗ್ತಿಲ್ಲ ಅಂದ್ರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಖಾಲಿ ಇಲ್ಲ ಅಂದ್ರೆ ಹೆಚ್ಚುವರಿ ಹುದ್ದೆ ಒಂದನ್ನ ಸೃಷ್ಟಿಸಿ, ಸೂಕ್ತ ಜಾಗ ಸಿಗುವ ತನಕ ಅಥವಾ ನಿವೃತ್ತಿಯ ತನಕ ಅಲ್ಲೇ ಇಟ್ಟುಕೊಳ್ಳಬೇಕು. ವೈಕಲ್ಯ ಇದೆ ಅನ್ನೋ ಒಂದೇ ಕಾರಣಕ್ಕೆ ಬಡ್ತಿ ತಪ್ಪಿಸೋ ಹಾಗಿಲ್ಲ. ಬಡ್ತಿಯಲ್ಲಿ ಮೀಸಲಾತಿ ಕೊಡಬಹುದೇ ಅನ್ನೋ ತಕರಾರೂ ಒಂದಿತ್ತು. ಅದನ್ನ ಬಗೆಹರಿಸಿದ್ದು ನಮ್ಮ ರಾಜ್ಯದಿಂದಲೇ ಹೋದ ಪ್ರಕರಣ, ಸಿದ್ದರಾಜು ವಿರುದ್ಧ ಕರ್ನಾಟಕ ರಾಜ್ಯ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ, ಅಂಗವಿಕಲರಿಗೆ ಬಡ್ತಿಯಲ್ಲೂ ಮೀಸಲಾತಿಗೆ ಅಡ್ಡಿ ಇಲ್ಲ ಎಂದಿತು.

ಇಷ್ಟೆಲ್ಲ ಕೇಳಿ ಭೋಜದ ಆ ತಮ್ಮನಿಗೆ ಖುಷಿ ಆಗಿರಬಹುದು. ಆದರೆ ಇಲ್ಲೇ ತೊಡಕು ಇರೋದು. 20ನೇ ಕಲಂ ಶುರುವಾಗೋದೇ ‘ಸರ್ಕಾರಿ ಸಂಸ್ಥೆ’ ಅನ್ನೋ ಮಾತಿನಿಂದ. ಹೆಸ್ಕಾಂ, ವಾಯವ್ಯ ಸಾರಿಗೆ ಸಂಸ್ಥೆ, ಗ್ರಾಮ ಪಂಚಾಯಿತಿ, ಸರ್ಕಾರದ ಅನುದಾನ ಪಡೆಯೋ ಶಾಲೆ, ಇವೆಲ್ಲ ಅದರೊಳಗೆ ಬರುತ್ತವೆ. ನಮ್ಮ ಭಾಗದ ಸಹಕಾರಿ ಸಕ್ಕರೆ ಕಾರ್ಖಾನೆಗಳು? ಅದು ಆ ಕಾರ್ಖಾನೆಯ ಮೇಲೆ ಸರ್ಕಾರದ ಹಿಡಿತ, ನೆರವು ಎಷ್ಟಿದೆ ಅನ್ನೋದರ ಮೇಲೆ ನಿಂತಿದೆ. ಒಂದೇ ಮಾತಿನಲ್ಲಿ ಹೌದು, ಇಲ್ಲ ಅನ್ನೋಕೆ ಆಗಲ್ಲ. ಖಾಸಗಿ ಮಗ್ಗದ ಕಾರ್ಖಾನೆ ಅಂತೂ ಬರೋದಿಲ್ಲ. ಕೆಲಸದಲ್ಲೇ ಕೈ ಕಳೆದುಕೊಂಡ ಖಾಸಗಿ ಕಾರ್ಮಿಕನಿಗೆ ಸರ್ಕಾರಿ ನೌಕರನಷ್ಟು ಭದ್ರತೆ ಈ ಕಾಯ್ದೆ ಕೊಟ್ಟಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಕಾಯ್ದೆಯ ದೊಡ್ಡ ತೂತು ಇದೇ. ಯಂತ್ರದ ಬಾಯಿಗೆ ಕೈ ಕೊಡೋರು ಹೆಚ್ಚಾಗಿ ಖಾಸಗಿಯಲ್ಲೇ ಅಲ್ವಾ?

ಹಾಗಂತ ಖಾಸಗಿಯವರಿಗೆ ಏನೂ ಇಲ್ಲ ಅಂತಲ್ಲ. 3ನೇ ಕಲಂ ಎಲ್ಲರಿಗೂ ಅನ್ವಯಿಸುತ್ತೆ. ವೈಕಲ್ಯದ ಕಾರಣಕ್ಕೆ ಯಾರನ್ನೂ ತಾರತಮ್ಯದಿಂದ ನಡೆಸಿಕೊಳ್ಳಬಾರದು. ತಾರತಮ್ಯ ಅಂದ್ರೆ ಬೈಯೋದು, ಹೊರಗೆ ಹಾಕೋದು ಮಾತ್ರ ಅಲ್ಲ. ಮಾಡಿಕೊಡಬಹುದಾದ ಹೊಂದಾಣಿಕೆಯನ್ನ ಮಾಡಿಕೊಡದೆ ಇರೋದೂ ತಾರತಮ್ಯ ಅಂತ ಕಾಯ್ದೆಯೇ ಬಿಡಿಸಿ ಹೇಳಿದೆ. ಮಗ್ಗ ನಡೆಸೋಕೆ ಆಗದ ಕೈಗೆ ಬಟ್ಟೆ ಮಡಚೋ ವಿಭಾಗ ಇದೆಯೇ, ನೂಲಿನ ಲೆಕ್ಕ ಬರೆಯೋ ಕೆಲಸ ಇದೆಯೇ, ಗೇಟಿನ ರಿಜಿಸ್ಟರ್ ಇದೆಯೇ? ಮಾಲೀಕರಿಗೆ ತಡೆಯಲಾರದ ಹೊರೆ ಆಗದೆ ಇದನ್ನ ಕೊಡಬಹುದು ಅಂದಮೇಲೆ ಕೊಡದೆ ಇರೋದಕ್ಕೆ ಅವರು ಕಾರಣ ಹೇಳಬೇಕು. ಕಾಯ್ದೆ ಅವರಿಗೂ ಒಂದು ಬಾಗಿಲು ಬಿಟ್ಟಿದೆ. ನ್ಯಾಯವಾದ ಒಂದು ಉದ್ದೇಶಕ್ಕಾಗಿ, ಅದಕ್ಕೆ ಬೇಕಾದಷ್ಟೇ ಕ್ರಮ ತಗೊಂಡಿದ್ದೇವೆ ಅಂತ ತೋರಿಸಿದರೆ ಅದು ತಾರತಮ್ಯ ಆಗೋದಿಲ್ಲ. ಕಣ್ಣು ಕಾಣದವರಿಗೆ ಬಸ್ಸಿನ ಸ್ಟಿಯರಿಂಗ್ ಕೊಡೋದಿಲ್ಲ ಅನ್ನೋದು ಆ ಬಾಗಿಲು. ‘ನೋಡೋಕೆ ಚೆಂದ ಇರಲ್ಲ, ಬೇರೆಯವರು ಹೆದರ್ತಾರೆ’ ಅನ್ನೋದು ಅಲ್ಲ.

ಈಗ ರಾಜೀನಾಮೆಗೆ ವಾಪಸ್ ಬರೋಣ. ಮಾಲೀಕರು ತೆಗೆದು ಹಾಕಿದರೆ ‘ಯಾಕೆ ತೆಗೆದಿರಿ’ ಅಂತ ಕೇಳಬಹುದು. ಅವರು ಉತ್ತರ ಕೊಡಬೇಕು. ನೀವೇ ಸ್ವ ಇಚ್ಛೆಯಿಂದ ಬಿಟ್ಟೆ ಅಂತ ಬರೆದುಕೊಟ್ಟರೆ ಆ ಪ್ರಶ್ನೆಯೇ ಸತ್ತುಹೋಗುತ್ತೆ. ಆ ಕಾಗದಕ್ಕೆ ಅವರು ಹೆಚ್ಚಿನ ದುಡ್ಡು ಕೊಡೋಕೆ ತಯಾರಿದ್ದಾರೆ ಅಂದ್ರೆ ಅದಕ್ಕೆ ಅಷ್ಟು ಬೆಲೆ ಇದೆ ಅಂತಲೇ ಅರ್ಥ.

ಪರಿಹಾರದ ದುಡ್ಡು ಬೇರೆ, ಕೆಲಸ ಬೇರೆ. ಕೆಲಸದಲ್ಲಿ ಗಾಯವಾದರೆ ಇಎಸ್‌ಐ ಇದ್ದವರಿಗೆ ಅಲ್ಲಿಂದ, ಇಲ್ಲದವರಿಗೆ ಮಾಲೀಕರಿಂದ ಪರಿಹಾರ ಬರಬೇಕು. ಅದು ಯಾರದ್ದೂ ಉಪಕಾರ ಅಲ್ಲ. ಅದನ್ನ ತಗೊಳ್ಳೋದಕ್ಕೆ ಕೆಲಸ ಬಿಡಬೇಕು ಅಂತ ಎಲ್ಲೂ ಇಲ್ಲ. ಸರ್ಕಾರಿ ನೌಕರರ ವಿಷಯದಲ್ಲಿ 2003ರಲ್ಲೇ ಕುನಾಲ್ ಸಿಂಗ್ ಪ್ರಕರಣದಲ್ಲಿ ಇದು ತೀರ್ಮಾನ ಆಗಿದೆ. ಕಾಲು ಕಳೆದುಕೊಂಡ ಒಬ್ಬ ಕಾನ್‌ಸ್ಟೇಬಲ್‌ಗೆ ಅಂಗವೈಕಲ್ಯದ ಪಿಂಚಣಿ ಕೊಟ್ಟಾಗಿದೆ, ಇನ್ನು ಕೆಲಸ ಯಾಕೆ ಅಂತ ವಾದ ಬಂತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಎರಡೂ ವಿಷಯ ಒಂದೇ ಹಾಳೆಯಲ್ಲಿ ಇದ್ದರೆ, ‘ಪರಿಹಾರದ ರಸೀದಿ ಬೇರೆ ಹಾಳೆಯಲ್ಲಿ ಕೊಡಿ, ಅದಕ್ಕೆ ಸಹಿ ಹಾಕ್ತೀನಿ’ ಅಂತ ಹೇಳಿ. ಕಾಗದ ಮರಾಠಿಯಲ್ಲಿದ್ದರೆ ಭೋಜದವರಿಗೆ ಓದೋಕೆ ತೊಂದರೆ ಇಲ್ಲ ಬಿಡಿ. ಆದರೂ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನೊಂದು ತಪ್ಪು ತಿಳಿವಳಿಕೆ: 40 ಪರ್ಸೆಂಟ್. ‘ನಿಮ್ಮದು 40 ಇಲ್ಲ, ನೀವು ಅಂಗವಿಕಲರೇ ಅಲ್ಲ’ ಅನ್ನೋದನ್ನ ಎಷ್ಟು ಸಲ ಕೇಳಿದ್ದೀನೋ. ಮೀಸಲಾತಿಗೆ 40 ಬೇಕು, ನಿಜ. ಕೇಂದ್ರದ ಕಾಯ್ದೆಯಲ್ಲಿರುವ ಶೇ 4 ಮೀಸಲಾತಿ ಅವರಿಗೇ. ಆದರೆ ತಾರತಮ್ಯದಿಂದ ರಕ್ಷಣೆಗೆ, ಹೊಂದಾಣಿಕೆ ಕೇಳೋದಕ್ಕೆ 40 ಬೇಕಿಲ್ಲ. ಇದು 2021ರ ಫೆಬ್ರುವರಿಯ ವಿಕಾಸ್ ಕುಮಾರ್ ತೀರ್ಪು. ಆತನಿಗೆ ಇದ್ದದ್ದು ಬರೆಯುವಾಗ ಕೈ ಹಿಡಿದುಕೊಳ್ಳೋ ತೊಂದರೆ. ಯುಪಿಎಸ್‌ಸಿ ಪರೀಕ್ಷೆಗೆ ಬರೆಯೋ ಸಹಾಯಕರನ್ನ ಕೊಡಲಿಲ್ಲ. 40ರ ಗೆರೆ ಹಿಡಿದು ಇದನ್ನ ನಿರಾಕರಿಸೋ ಹಾಗಿಲ್ಲ ಅಂತ ಕೋರ್ಟ್ ಹೇಳಿತು. ಮೂರು ಬೆರಳಿಗೆ ವೈದ್ಯರು ಎಷ್ಟು ಬರೆದರೂ ಭೋಜದ ಅಣ್ಣ ಪ್ರಮಾಣಪತ್ರ ಮಾಡಿಸಲೇಬೇಕು. ಯುಡಿಐಡಿ ಅರ್ಜಿಗೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ ಅವರನ್ನ ಹಿಡಿಯಿರಿ. ಯಾವ ಆಸ್ಪತ್ರೆ, ಯಾವ ದಿನ ಅಂತ ಅವರಿಗೆ ಗೊತ್ತಿರುತ್ತೆ.

ಪಟ್ಟಿಯಲ್ಲೇ ಇಲ್ಲದ ತೊಂದರೆಗೂ ಒಮ್ಮೊಮ್ಮೆ ದಾರಿ ಇರುತ್ತೆ. ತೆಲಂಗಾಣದ ಸಾರಿಗೆ ಸಂಸ್ಥೆಯ ಒಬ್ಬ ಚಾಲಕರಿಗೆ ಬಣ್ಣಗುರುಡು ಅಂತ ಗೊತ್ತಾಗಿ ಮನೆಗೆ ಕಳಿಸಿದರು. ಬಣ್ಣಗುರುಡು ಆ 21ರಲ್ಲಿ ಇಲ್ಲ. ಆದರೂ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಅದೇ ವೇತನ ಶ್ರೇಣಿಯ ಬೇರೆ ಕೆಲಸ ಕೊಡಿಸಿತು. ಆಧಾರ ಆಗಿದ್ದು ಸಂಸ್ಥೆಯೂ ಕಾರ್ಮಿಕ ಸಂಘಗಳೂ 1979ರಲ್ಲಿ ಮಾಡಿಕೊಂಡಿದ್ದ ಹಳೆಯ ಒಪ್ಪಂದ. ನಿಪ್ಪಾಣಿ, ಚಿಕ್ಕೋಡಿ ಡಿಪೋಗಳ ಚಾಲಕರು, ಕಂಡಕ್ಟರುಗಳು, ಯೂನಿಯನ್ ಇರೋ ಕಾರ್ಖಾನೆಯವರು ತಮ್ಮ ಒಪ್ಪಂದದ ಪ್ರತಿ ಒಮ್ಮೆ ತೆಗೆದು ಓದಿ.

ದೂರು ಎಲ್ಲಿ ಕೊಡಬೇಕು? ಗಡಿಯವರಿಗೆ ಇದೇ ಗೊಂದಲ. ಅಂಗವೈಕಲ್ಯದ ಪ್ರಮಾಣಪತ್ರ ಇಡೀ ದೇಶಕ್ಕೆ ನಡೆಯುತ್ತೆ, ಕರ್ನಾಟಕದ್ದು ಮಹಾರಾಷ್ಟ್ರದಲ್ಲಿ ಬೇಡ ಅನ್ನೋ ಹಾಗಿಲ್ಲ. ಆದರೆ ಕಾರ್ಖಾನೆ ಇಚಲಕರಂಜಿಯಲ್ಲಿ ಇದ್ದರೆ ಅರ್ಜಿ ಹೋಗಬೇಕಾದ್ದು ಪುಣೆಯಲ್ಲಿರೋ ಮಹಾರಾಷ್ಟ್ರದ ಅಂಗವಿಕಲರ ಆಯುಕ್ತರಿಗೆ. ಕೆಲಸ ನಿಪ್ಪಾಣಿಯಲ್ಲೋ ಕಾಗವಾಡದಲ್ಲೋ ಇದ್ದರೆ ಬೆಂಗಳೂರಿನ ರಾಜ್ಯ ಆಯುಕ್ತರಿಗೆ. ಸರ್ಕಾರಿ ಸಂಸ್ಥೆ ಆದರೆ ಅಲ್ಲೇ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ದಾಖಲಾದ ಎರಡು ವಾರದೊಳಗೆ ವಿಚಾರಿಸಬೇಕು.

ಆಯುಕ್ತರು ಸಾಕ್ಷಿಗಳನ್ನ ಕರೆಸಬಹುದು, ಕಡತ ತರಿಸಬಹುದು. ಕೊನೆಗೆ ಕೊಡೋದು ಮಾತ್ರ ಶಿಫಾರಸು. ಕಾಯ್ದೆ ಮುರಿದವರಿಗೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಅಂದ್ರೆ ಸುಮಾರು ಮೂರು ಟನ್ ಕಬ್ಬಿನ ದುಡ್ಡು. ಮತ್ತೆ ಮುರಿದರೆ 50,000ದಿಂದ 5 ಲಕ್ಷ. ಮೊದಲನೆಯ ಅಂಕಿ ನೋಡಿ ಯಾವ ಮಾಲೀಕರೂ ಹೆದರೋದಿಲ್ಲ. ಆದರೆ ದೂರಿನ ನೋಟಿಸು ಕೈಗೆ ಬಂದಾಗ ಮಾತುಕತೆಗೆ ಕೂರ್ತಾರೆ.

ವಕೀಲರ ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಅಂಗವಿಕಲರಿಗೆ ವಕೀಲರ ನೆರವು ಉಚಿತ. ಅದು ಯಾವ ರಾಜ್ಯದಲ್ಲಾದರೂ ಸೈ. ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿಯ ಕಚೇರಿ ಎಲ್ಲಿ ಅಂತ ಕೇಳಿ.

ಭೋಜದ ಆ ಸಹೋದರರಿಗೆ ಇನ್ನೆರಡೇ ಮಾತು. ಹಾಜರಿ ಚೀಟಿ, ಸಂಬಳದ ಪುರಾವೆ, ಆಸ್ಪತ್ರೆಯ ಕಾಗದ ಎಲ್ಲ ಒಂದು ಚೀಲದಲ್ಲಿ ಇಟ್ಟುಕೊಳ್ಳಿ. ಅಣ್ಣನವರ ಕೈ ಮಾಯ್ದು ಡಾಕ್ಟರು ಹೂಂ ಅಂದಮೇಲೆ, ‘ನಾನು ಕೆಲಸಕ್ಕೆ ಬರೋಕೆ ಸಿದ್ಧ, ಈ ಕೈಗೆ ಆಗೋ ಕೆಲಸ ಕೊಡಿ’ ಅಂತ ಎರಡು ಸಾಲಿನ ಪತ್ರ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಮಾಲೀಕರ ಉತ್ತರ ಬಂದಾಗ ನನಗೂ ಒಂದು ಸಂದೇಶ ಹಾಕಿ.