ಸರದಿಯನ್ನು ಎಲ್ಲಿಂದ ಎಣಿಸಬೇಕು?

ಕಡಲಾಳದ ಧ್ವನಿಗೂ ಕೃಷ್ಣೆಯ ಕಾಲುವೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸರದಿಯ ಸಂಬಂಧ ಎಂಬುದು ನನ್ನ ಉತ್ತರ.

ನೀರಿನೊಳಗೆ ರೇಡಿಯೊ ತರಂಗಗಳು ಹೆಚ್ಚು ದೂರ ಸಾಗಲಾರವು. ಆದ್ದರಿಂದ ಸಮುದ್ರದಲ್ಲಿ ಇಳಿಬಿಟ್ಟ ಸಂವೇದಕಗಳು ಧ್ವನಿಯ ಮೂಲಕವೇ ಮಾಹಿತಿ ಕಳುಹಿಸುತ್ತವೆ. ಎಲ್ಲಕ್ಕೂ ಇರುವುದು ಒಂದೇ ಮಾರ್ಗ. ಎರಡರ ಸಂದೇಶ ಒಟ್ಟಿಗೆ ತಲುಪಿದರೆ ಎರಡೂ ಕೆಡುತ್ತವೆ. ನೆಲದ ಮೇಲಿನ ನಿಸ್ತಂತು ಜಾಲಗಳಲ್ಲಿ ಮೊದಲು ಆಲಿಸಿ, ಮಾರ್ಗ ತೆರವಿದ್ದರೆ ಮಾತನಾಡುವ ಉಪಾಯವುಂಟು. ನೀರಿನಲ್ಲಿ ಅದು ಕೈಕೊಡುತ್ತದೆ. ಅಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್, ಅಂದರೆ ರೇಡಿಯೊ ತರಂಗದ ಎರಡು ಲಕ್ಷದಲ್ಲಿ ಒಂದು ಪಾಲು. ಮೂರು ಕಿಲೋಮೀಟರ್ ಆಚೆಯ ಮಾತು ಎರಡು ಸೆಕೆಂಡು ತಡವಾಗಿ ಕೇಳುತ್ತದೆ. ಸ್ವೀಕಾರ ಕೇಂದ್ರಕ್ಕೆ ಹತ್ತಿರವಿರುವ ಸಂವೇದಕವು ಮಾರ್ಗ ತೆರವಾದುದನ್ನು ಮೊದಲು ಅರಿತು ಮತ್ತೆ ಅದನ್ನು ಆಕ್ರಮಿಸುತ್ತದೆ; ದೂರದ್ದು ಕಾಯುತ್ತಲೇ ಉಳಿಯುತ್ತದೆ. ಸ್ಥಾನದಿಂದಲೇ ಹುಟ್ಟುವ ಈ ಅನ್ಯಾಯ ತಜ್ಞರ ಚರ್ಚೆಯ ಮುಖ್ಯ ವಿಷಯ.

ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯಂಚಿನ ರೈತನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಸುರಪುರ, ಶಹಾಪುರ ತಾಲ್ಲೂಕುಗಳನ್ನು ಹಾದು ಯಾದಗಿರಿ ಜಿಲ್ಲೆಯ ಭತ್ತದ ಗದ್ದೆಗಳಿಗೆ ನೀರುಣಿಸುವ ಈ ಕಾಲುವೆಯ ಆಧುನೀಕರಣ ಯೋಜನೆ 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಲೋಕಾರ್ಪಣೆಯಾಯಿತು. ಸಾಮರ್ಥ್ಯ 10 ಸಾವಿರ ಕ್ಯೂಸೆಕ್, ಅಚ್ಚುಕಟ್ಟು ನಾಲ್ಕೂವರೆ ಲಕ್ಷ ಹೆಕ್ಟೇರ್. ಗೇಟುಗಳಿಗೆ ಸ್ಕಾಡಾ ಎಂಬ ದೂರನಿಯಂತ್ರಣವೂ ಬಂದಿದೆ. ಆದರೆ ಯಂತ್ರ ಗೇಟು ಎತ್ತಬಲ್ಲದು. ಯಾರಿಗಾಗಿ, ಎಷ್ಟು ಹೊತ್ತು ಎಂಬುದನ್ನು ಮನುಷ್ಯರೇ ತೀರ್ಮಾನಿಸಬೇಕು. ನೀರು ಸಾಲದಾದಾಗ ನೀರಾವರಿ ಸಲಹಾ ಸಮಿತಿ ‘ಚಾಲೂ-ಬಂದ್’ ಪದ್ಧತಿ ಗೊತ್ತುಮಾಡುತ್ತದೆ. ಇಷ್ಟು ದಿನ ಹರಿವು, ಇಷ್ಟು ದಿನ ನಿಲುಗಡೆ. ಲೆಕ್ಕ ಶುರುವಾಗುವುದು ಅಣೆಕಟ್ಟಿನ ಬಾಗಿಲಲ್ಲಿ. ಬರಿದಾದ ಕಾಲುವೆ ತುಂಬಿ ತುದಿ ಮುಟ್ಟುವಷ್ಟರಲ್ಲಿ ದಿನಗಳು ಸಂದಿರುತ್ತವೆ. ಬಂದ್ ಆದ ಮೇಲೆ ಕಾಲುವೆಯಲ್ಲಿ ಉಳಿದ ನೀರನ್ನು ಮೇಲ್ಭಾಗದ ಪಂಪ್‌ಸೆಟ್‌ಗಳು ಎತ್ತಿಕೊಳ್ಳುತ್ತವೆ. ಕೊನೆಯವನಿಗೆ ಎರಡು ತುದಿಯಲ್ಲೂ ನಷ್ಟ.

ನೀರೊಳಗಿನ ಜಾಲಗಳನ್ನು ರೂಪಿಸುವವರು ಈ ತೊಡಕನ್ನು ಬಿಡಿಸಿದ ಬಗೆ ಗಮನಾರ್ಹ. ಅವರು ಸಂದೇಶ ಹೊರಡುವ ಸಮಯವನ್ನಷ್ಟೇ ನೋಡದೆ, ಅದು ಕೇಂದ್ರವನ್ನು ತಲುಪುವ ಸಮಯವನ್ನು ಎಣಿಸುತ್ತಾರೆ. ಪ್ರತಿ ಸಂವೇದಕದ ದೂರಕ್ಕೆ ತಕ್ಕಂತೆ ಸರದಿ ಹಿಂದುಮುಂದಾಗುತ್ತದೆ, ಎರಡು ಸರದಿಗಳ ನಡುವೆ ಒಂದಿಷ್ಟು ಬಿಡುವೂ ಇರುತ್ತದೆ.

ಅನಧಿಕೃತ ಪಂಪ್‌ಸೆಟ್ ಹಾಗೂ ಹೂಳಿನ ಸಮಸ್ಯೆ ಇದರಿಂದ ಬಗೆಹರಿಯದು, ನಿಜ. ಆದರೆ ಯಾವ ಗೇಟಿನಲ್ಲಿ ಎಂದು, ಎಷ್ಟು ಹರಿಯಿತೆಂಬುದನ್ನು ದಾಖಲಿಸಬಲ್ಲ ವ್ಯವಸ್ಥೆ ಈಗ ಕೃಷ್ಣಾ ಭಾಗ್ಯ ಜಲ ನಿಗಮದ ಕೈಯಲ್ಲಿದೆ. ಮುಂದಿನ ಹಂಗಾಮಿನ ಪ್ರಕಟಣೆಯಲ್ಲಿ ನಾರಾಯಣಪುರದ ದಿನಾಂಕದ ಪಕ್ಕದಲ್ಲೇ ಶಹಾಪುರ ಶಾಖಾ ಕಾಲುವೆಯ ತುದಿಗೆ ನೀರು ಮುಟ್ಟುವ ದಿನಾಂಕವನ್ನೂ ಮುದ್ರಿಸಲಿ. ಚಾಲೂ ದಿನಗಳನ್ನು ಅಲ್ಲಿಂದ ಎಣಿಸಲಿ.