ಗಾಳಿಯಲ್ಲಿ ಸಿಕ್ಕಿಬಿದ್ದ ಕಲ್ಲಿದ್ದಲು

“ಭೂಮಿ ಬಿಸಿಯಾಗೋದು, ತಣ್ಣಗಾಗೋದು ಯಾವ ಕಾಲದಿಂದಲೂ ಇದ್ದದ್ದೇ.” ಹವಾಮಾನ ಬದಲಾವಣೆಯ ಮಾತೆತ್ತಿದರೆ ಮೊದಲು ಬರುವ ಉತ್ತರ ಇದು. ಇದರಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಇದು ಇಷ್ಟು ಕಾಲ ಬಾಳಿದೆ. ಹಿಮಯುಗಗಳು ಬಂದು ಹೋದದ್ದು ನಿಜ. ಭೂಮಿ ಸೂರ್ಯನನ್ನು ಸುತ್ತುವ ಹಾದಿಯಲ್ಲಿ, ಅದರ ವಾಲಿಕೆಯಲ್ಲಿ ಹತ್ತಾರು ಸಾವಿರ ವರ್ಷಗಳಲ್ಲಿ ಆಗುವ ಸಣ್ಣ ಏರುಪೇರು ಅವಕ್ಕೆ ಕಾರಣವಾಗಿತ್ತು. ಹಿಂದಿನ ಬದಲಾವಣೆಗೆ ಕಾರಣವಿತ್ತು ಅಂದಮೇಲೆ ಈಗಿನದಕ್ಕೂ ಇರಲೇಬೇಕಲ್ಲ? ಅದನ್ನು ಹುಡುಕಿ, ಅಳೆದು ಆಗಿದೆ.

ಸೂರ್ಯನೇ ಹೆಚ್ಚು ಉರಿಯುತ್ತಿದ್ದಾನೆ ಎಂಬ ಅನುಮಾನ ಹಲವರಿಗಿದೆ. 1978ರಿಂದ ಉಪಗ್ರಹಗಳು ಸೂರ್ಯನ ಶಕ್ತಿಯನ್ನು ಅಳೆಯುತ್ತಲೇ ಇವೆ. ಸುಮಾರು 11 ವರ್ಷಕ್ಕೊಮ್ಮೆ ಆಗುವ ಏರಿಳಿತ ಬಿಟ್ಟರೆ ಹೆಚ್ಚಳ ಕಂಡಿಲ್ಲ. ಇನ್ನೂ ಗಟ್ಟಿಯಾದ ಸಾಕ್ಷಿ ವಾಯುಮಂಡಲದ ಮೇಲಿನ ಪದರದಲ್ಲಿದೆ. ಬಿಸಿಲೇ ಕಾರಣವಾಗಿದ್ದರೆ ಮೇಲೂ ಕೆಳಗೂ ಎರಡೂ ಕಡೆ ಗಾಳಿ ಕಾಯಬೇಕಿತ್ತು. ಆದರೆ ನೆಲದ ಹತ್ತಿರದ ಗಾಳಿ ಕಾದಿದೆ, ಮೇಲಿನ ಪದರ ತಣ್ಣಗಾಗಿದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಹೀಗೇ ಆಗುತ್ತದೆಂದು ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಮನಾಬೆ ಅವರಿಗೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಜ್ವಾಲಾಮುಖಿಗಳ ಮೇಲೆ ಹೊರಿಸೋಣವೆಂದರೆ, ಅವೆಲ್ಲ ಸೇರಿ ವರ್ಷಕ್ಕೆ ಉಗುಳುವ ಇಂಗಾಲದ ಡೈಆಕ್ಸೈಡ್, ನಾವು ಬಿಡುವುದರ ಶೇ. 1ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಹಾಗಾದರೆ ಗಾಳಿಯಲ್ಲಿ ಹೆಚ್ಚಿದ ಇಂಗಾಲ ಕಲ್ಲಿದ್ದಲು, ಪೆಟ್ರೋಲಿನಿಂದಲೇ ಬಂದದ್ದೆಂದು ಹೇಗೆ ಹೇಳುವುದು? ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದರೂ ಅದರ ಹುಟ್ಟೂರು ಪತ್ತೆಯಾಗುತ್ತದೆ. ಬದುಕಿರುವ ಗಿಡ, ಪ್ರಾಣಿಗಳಲ್ಲೆಲ್ಲ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಒಂದಿಷ್ಟು ಇದ್ದೇ ಇರುತ್ತದೆ. ಸತ್ತ ಮೇಲೆ ಅದು ಪ್ರತಿ 5,730 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ. ಐವತ್ತು ಸಾವಿರ ವರ್ಷ ಕಳೆದರೆ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರ ಉರಿಸುವ ಸಿಂಗರೇಣಿ ಕಲ್ಲಿದ್ದಲು 25 ಕೋಟಿ ವರ್ಷಕ್ಕೂ ಹಿಂದಿನ ಗಿಡಮರಗಳದ್ದು. ಅದರಲ್ಲಿ ಇಂಗಾಲ-14 ಲವಲೇಶವೂ ಇಲ್ಲ. ಇಂಥ ಹಳೆಯ ಇಂಗಾಲ ಗಾಳಿಗೆ ಸೇರುತ್ತ ಹೋದಂತೆ ಗಾಳಿಯಲ್ಲಿ ಇಂಗಾಲ-14ರ ಪಾಲು ತೆಳುವಾಗಬೇಕು. ಹ್ಯಾನ್ಸ್ ಸ್ಯೂಸ್ ಎಂಬ ವಿಜ್ಞಾನಿ 1955ರಲ್ಲಿ ಮರಗಳ ವಾರ್ಷಿಕ ಉಂಗುರಗಳಲ್ಲಿ ಕಂಡದ್ದು ಇದನ್ನೇ. ಜೊತೆಗೆ, ಉರಿಯುವಾಗ ಆಮ್ಲಜನಕ ಖರ್ಚಾಗಬೇಕಲ್ಲ? ಗಾಳಿಯಲ್ಲಿ ಅದೂ ಅತಿ ಸಣ್ಣ ಪ್ರಮಾಣದಲ್ಲಿ ಇಳಿಯುತ್ತಿರುವುದನ್ನು ಅಳೆದಿದ್ದಾರೆ. ಉಸಿರಾಟಕ್ಕೆ ಅದರಿಂದ ತೊಂದರೆಯಿಲ್ಲ, ಆದರೆ ಲೆಕ್ಕ ತಾಳೆಯಾಗುತ್ತದೆ. ಇಷ್ಟೆಲ್ಲ ಒಂದೇ ಕಡೆ ಬೊಟ್ಟು ಮಾಡುವಾಗ ‘ಯಾರಿಗೆ ಗೊತ್ತು’ ಎಂದು ಕೈಚೆಲ್ಲುವುದು ವಿನಯವಲ್ಲ, ಜಾರಿಕೊಳ್ಳುವುದು.

ಪ್ರಮಾಣದ ಬಗ್ಗೆಯೂ ಒಂದು ಮಾತಿದೆ: “ಗಾಳಿಯಲ್ಲಿ ಅದು ಶೇ. 0.04 ಮಾತ್ರ, ಅಷ್ಟರಿಂದ ಏನಾದೀತು?” ಉಳಿದ ಗಾಳಿಯ ಬಹುಪಾಲು ಸಾರಜನಕ, ಆಮ್ಲಜನಕ. ಈ ಎರಡೂ ನೆಲದಿಂದ ಹೊರಡುವ ಶಾಖವನ್ನು ಹಿಡಿಯುವುದೇ ಇಲ್ಲ. ಹಿಡಿಯುವ ಕೆಲಸವೆಲ್ಲ ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್‌ನಂಥ ಅಲ್ಪಸಂಖ್ಯಾತ ಅನಿಲಗಳದು. ಅವು ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಈಗಿನ ಸುಮಾರು 15 ಡಿಗ್ರಿಯ ಬದಲು ಮೈನಸ್ 18 ಆಗಿರುತ್ತಿತ್ತು. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಇಂಗಾಲದ ಡೈಆಕ್ಸೈಡ್ 280ರಷ್ಟಿತ್ತು. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಅಳತೆ ಶುರುವಾದಾಗ 315 ಇತ್ತು, ಈಗ 420 ದಾಟಿದೆ.

ಓಝೋನ್ ಪದರ ತೂತಾಗಿದ್ದರಿಂದ ಸೆಕೆ ಹೆಚ್ಚಾಯಿತೆಂದು ನಂಬಿರುವ ವಿದ್ಯಾವಂತರು ಈಗಲೂ ಸಿಗುತ್ತಾರೆ. ಅದು ಬೇರೆ ಸಮಸ್ಯೆ. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಆ ಪದರ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ.

ನನ್ನನ್ನು ಹೆಚ್ಚು ಕಾಡುವ ತಪ್ಪು ಕಲ್ಪನೆ ಒಳ್ಳೆಯ ಮನಸ್ಸಿನಿಂದ ಹುಟ್ಟಿದ್ದು: ಸಸಿ ನೆಟ್ಟರೆ ಎಲ್ಲ ಸರಿಹೋಗುತ್ತದೆ ಎಂಬುದು. ಮರ ಬೇಕು, ನೆರಳಿಗೆ, ನೀರಿಗೆ, ಹಕ್ಕಿಗೆ, ಮಣ್ಣಿಗೆ ಬೇಕು. ಆದರೆ ಲೆಕ್ಕ ನೋಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಮುಕ್ಕಾಲು ಕೆಜಿ ತೂಗುವ ಪೆಟ್ರೋಲಿನಿಂದ ಇಷ್ಟು ಹೇಗೆ ಎಂದು ಅನೇಕರಿಗೆ ಅಚ್ಚರಿ. ತೂಕದ ಹೆಚ್ಚಿನ ಪಾಲು ಗಾಳಿಯಿಂದ ಸೇರಿಕೊಂಡ ಆಮ್ಲಜನಕದ್ದು. ಲೀಟರಿಗೆ 15 ಕಿ.ಮೀ. ಓಡುವ ಕಾರು ವರ್ಷಕ್ಕೆ 10,000 ಕಿ.ಮೀ. ಹೋದರೆ ಒಂದೂವರೆ ಟನ್ ಆಯಿತು. ಬೆಳೆದ ಮರವೊಂದು ವರ್ಷಕ್ಕೆ ಹೀರುವುದು ಹೆಚ್ಚೆಂದರೆ ಕೆಲವು ಹತ್ತು ಕೆಜಿ. ಆ ಮರ ಒಂದು ದಿನ ಕೊಳೆತರೆ, ಸುಟ್ಟರೆ ಹೀರಿದ್ದು ಮತ್ತೆ ಗಾಳಿಗೇ. ಭೂಮಿ ಕೋಟ್ಯಂತರ ವರ್ಷ ಹೂತಿಟ್ಟಿದ್ದ ಇಂಗಾಲವನ್ನು ಐವತ್ತು, ನೂರು ವರ್ಷ ಬಾಳುವ ಮರದ ಲೆಕ್ಕಕ್ಕೆ ಬರೆದು ನಿಶ್ಚಿಂತರಾಗಲು ಸಾಧ್ಯವಿಲ್ಲ. ಜೂನ್ 5ರ ಪರಿಸರ ದಿನಕ್ಕೆ ಸಸಿ ನೆಡುವ ಕಾರ್ಯಕ್ರಮಗಳಲ್ಲಿ ಪೆಟ್ರೋಲ್, ಕಲ್ಲಿದ್ದಲಿನ ಹೆಸರೂ ಬರಬೇಕು.

ಇನ್ನು ಪರಿಣಾಮ. ಭೂಮಿ ಬಿಸಿಯಾದರೆ ಬರವೇ ಬರಬೇಕು, ಹೀಗೆ ಹುಚ್ಚು ಮಳೆ ಸುರಿಯುವುದೇಕೆ ಎಂದು ಕೇಳುವವರಿದ್ದಾರೆ. ಒಂದು ಡಿಗ್ರಿ ಹೆಚ್ಚು ಕಾದ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹೊತ್ತುಕೊಳ್ಳಬಲ್ಲದು. ನೆಲದ ತೇವ ಬೇಗ ಒಣಗುತ್ತದೆ, ಸುರಿದಾಗ ಒಮ್ಮೆಲೇ ಸುರಿಯುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ಮುಂಗಾರಿನ ಒಟ್ಟು ಮಳೆ ಇಳಿದಿದೆ, ವ್ಯಾಪಕವಾದ ಅತಿವೃಷ್ಟಿ ಮಾತ್ರ ಮೂರು ಪಟ್ಟಾಗಿದೆ. ಹಾಗಾಗಿ ‘ವಾಡಿಕೆ ಮಳೆ ಆಗಿದೆ’ ಎಂಬ ವರದಿಯನ್ನು ನಂಬಿ ಕೂರುವಂತಿಲ್ಲ. ಮೂರು ವಾರ ಒಣಗಿಸಿ ಎರಡು ದಿನದಲ್ಲಿ ಸುರಿದರೂ ಸರಾಸರಿ ಸರಿಯಾಗಿಯೇ ಕಾಣುತ್ತದೆ, ರಾಗಿ ಪೈರು ಮಾತ್ರ ಹೋಗಿರುತ್ತದೆ.

ಹವಾಮಾನ ಬದಲಾವಣೆಯನ್ನು ಅಲ್ಲಗಳೆಯುವುದಕ್ಕೆ ತಿರುವು ಮುರುವಾದ ಇನ್ನೊಂದು ನಂಬಿಕೆ ಈಚೆಗೆ ಬಲಿಯುತ್ತಿದೆ: ಆದದ್ದೆಲ್ಲ ಹವಾಮಾನ ಬದಲಾವಣೆಯಿಂದ, ನಾವೇನು ಮಾಡಲಾದೀತು? 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ಅಂತರರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ಆ ಮಳೆಯನ್ನು ವಿಶ್ಲೇಷಿಸಿತು. ಬಿಸಿಯಾದ ಹವೆ ಅದರ ತೀವ್ರತೆಯನ್ನು ಸುಮಾರು ಶೇ. 10ರಷ್ಟು ಹೆಚ್ಚಿಸಿತ್ತು ಎಂದು ತಂಡ ಅಂದಾಜಿಸಿತು. ಕಡಿದಾದ ಇಳಿಜಾರಿನಲ್ಲಿ ಆ ಹೆಚ್ಚುವರಿ ನೀರು ಸಣ್ಣದಲ್ಲ. ಆದರೆ ಹವೆ ಬಿಸಿಯಾಗದಿದ್ದರೂ ಉಳಿದ ಮಳೆ ಅಲ್ಲಿ ಬಿದ್ದೇ ಬೀಳುತ್ತಿತ್ತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಅತಿವೃಷ್ಟಿಯ ಜೊತೆಗೆ ಮನೆಗೆ, ರಸ್ತೆಗೆ, ಹೋಂಸ್ಟೇಗೆ ಅಂತ ಕಡಿದ ಇಳಿಜಾರುಗಳಿದ್ದವು. ಹೊಗೆ ಇಳಿಸಲು ಜಗತ್ತೆಲ್ಲ ಒಪ್ಪಬೇಕು, ದಶಕಗಳು ಬೇಕು. ಇಳಿಜಾರು ಕಡಿಯಲು ಪರವಾನಗಿ ಕೊಡದಿರುವುದಕ್ಕೆ ಜಿಲ್ಲಾಡಳಿತ ಮನಸ್ಸು ಮಾಡಿದರೆ ಬರುವ ಮಳೆಗಾಲದೊಳಗೇ ಆಗುತ್ತದೆ.